ಖಾನಾಪುರದ ಟಿವಿಯೊಳಗಿನ ಬಾಣಂತಿ

ಕಳೆದ ರವಿವಾರ ಖಾನಾಪುರದ ನನ್ನ ಸೋದರತ್ತೆ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಮುಚ್ಚಳ ತೆಗೆದರೆ ಅಂಟಿನ ಉಂಡಿ. ಉತ್ತತ್ತಿ, ಕೊಬ್ಬರಿ, ಗಸಗಸೆ, ತುಪ್ಪದಲ್ಲಿ ಹುರಿದ ಅಂಟು, ಯಾವುದಕ್ಕೂ ಕೈ ಬಿಗಿ ಹಿಡಿದಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಬಂದ ದಣಿವೆಲ್ಲ ಆ ವಾಸನೆಗೇ ಇಳಿಯಿತು. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ಅತ್ತೆ ನನ್ನ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

“ನಿನಗಲ್ಲ. ದಿಲ್ಲಿಗೆ ಕಳಸೂದೈತಿ.”

“ದಿಲ್ಲಿಯಾಗ ನಮ್ಮವ್ರು ಯಾರದಾರ ಅತ್ತಿ?”

“ಟಿವಿಯೊಳಗ ಸುದ್ದಿ ಓದ್ತಾಳಲ್ಲ, ಆ ಹುಡುಗಿ. ಹಡದಾಳ. ಪಾಪ, ಅಲ್ಲಿ ಥಂಡಿ ಬ್ಯಾರೆ. ನೀ ಪೇಪರಿನ್ಯಾಗ ಬರಿಯಾಕಿ, ನಿನಗ ಪತ್ತಾ ಗೊತ್ತಿರತೈತಿ.”

(ಪತ್ರಿಕೆಗೆ ಬರೆಯುವವರಿಗೆ ದಿಲ್ಲಿಯಲ್ಲಿ ಎಲ್ಲರೂ ಪರಿಚಯ ಎಂದು ನಮ್ಮ ಬಳಗದ ನಂಬಿಕೆ. ನಮ್ಮ ಸಂಪಾದಕರಿಗೇ ನನ್ನ ಪರಿಚಯ ಅಷ್ಟಕ್ಕಷ್ಟೆ.)

ಉಂಡಿ ಕೆಳಗಿಟ್ಟೆ. ಸುದ್ದಿ ಓದುವ ಹುಡುಗಿಗೆ ಮಗುವಾಯಿತೇ? ಬೆಳಗಾವಿಯಲ್ಲಿ ನಾನೂ ದಿನಾ ಆಕೆಯನ್ನು ನೋಡುತ್ತೇನೆ. ಹದಿನೈದು ದಿನದಿಂದ ಕಂಡಿಲ್ಲ, ಅದು ಖರೆ. ಅದಕ್ಕೆ ಮುಂಚೆ ಬಸುರಿಯಾಗಿದ್ದಳೇ? ನೆನಪು ಮಾಡಿಕೊಳ್ಳಲು ನೋಡಿದೆ. ಬಸುರು ಹಾಗಿರಲಿ, ಆಕೆ ಉಟ್ಟ ಒಂದು ಸೀರೆಯೂ ನೆನಪಾಗಲಿಲ್ಲ.

“ನಿಮಗ ಯಾರು ಹೇಳಿದ್ರು ಅತ್ತಿ?”

“ಶಾಂತಾ ನೋಡ್ಯಾಳ. ಶ್ರಾವಣದಾಗಿಂದ ನೋಡಾಕ ಹತ್ಯಾಳ.”

ಶಾಂತಾ ಅಂದರೆ ಅತ್ತೆಯ ಹಿರಿಯ ಮಗಳು, ನಮಗೆಲ್ಲ ಶಾಂತಕ್ಕ. ಇದು ಅವಳ ಕಥೆ. ಆದರೆ ಮೊದಲು ಖಾನಾಪುರದ ಟಿವಿ ಎಂಥದ್ದು ಎಂದು ಹೇಳದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ನಮ್ಮ ಮನೆಯವರು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ. ಅವರ ಪ್ರಕಾರ (ಕೇಳಬೇಕಾಗಿಲ್ಲ, ತಾವೇ ಹೇಳುತ್ತಾರೆ) ದಿಲ್ಲಿಯ ಚಿತ್ರ ಮೊದಲು ಆಕಾಶದ ಸ್ಯಾಟಲೈಟಿಗೆ ಹೋಗುತ್ತದೆ. ಅಲ್ಲಿಂದ ಇಳಿದು ಬೆಳಗಾವಿಯ ದೊಡ್ಡ ಬುಟ್ಟಿಯಂಥ ಆಂಟೆನಾದೊಳಗೆ ಬೀಳುತ್ತದೆ. ಅದನ್ನು ಗೋಪುರ ಊರಿಗೆಲ್ಲ ಹಂಚುತ್ತದೆ. ಸಾವಿರಾರು ಮೈಲಿ ಹತ್ತಿ, ಸಾವಿರಾರು ಮೈಲಿ ಇಳಿದರೂ ಚಿತ್ರಕ್ಕೆ ಏನೂ ಆಗುವುದಿಲ್ಲವಂತೆ. ಬೆಳಗಾವಿ ಬಿಟ್ಟು ಖಾನಾಪುರದ ದಾರಿ ಹಿಡಿಯಿತೋ, ದೇಸೂರು ದಾಟುವಷ್ಟರಲ್ಲಿ ಅದರ ದಮ್ಮು ಮುಗಿಯುತ್ತದೆ. ನಮ್ಮ ಗೋಪುರದ ಶಕ್ತಿ ಅಷ್ಟೇ.

ಹೀಗಾಗಿ ಬೆಳಗಾವಿಯ ನಮ್ಮ ಮನೆಯಲ್ಲಿ ಚಿತ್ರ ಕನ್ನಡಿ. ಖಾನಾಪುರದಲ್ಲಿ ಅಳ್ಳು. ಪಂಚಮಿಗೆ ಜೋಳ ಹುರಿಯುತ್ತೇವಲ್ಲ, ಹಾಗೆ ಪರದೆಯ ತುಂಬ ಚಟಪಟ ಬಿಳಿ ಚುಕ್ಕೆ. ಅದರ ಹಿಂದೆ ಯಾರೋ ಕೂತ ಹಾಗೆ, ಎದ್ದ ಹಾಗೆ. ಒಂದೊಂದು ದಿನ ಒಬ್ಬರ ಬೆನ್ನಿಗೆ ಅವರದೇ ಇನ್ನೊಂದು ರೂಪ ಅಂಟಿಕೊಂಡು ಬರುತ್ತದೆ.

ತಮಾಷೆ ಎಂದರೆ, ದನಿ ಮಾತ್ರ ಸ್ವಚ್ಛ. ಚಿತ್ರ ಹೋದರೂ ದನಿ ಉಳಿಯುತ್ತದೆ (ಇದಕ್ಕೂ ಫಿಸಿಕ್ಸ್ ಇದೆ, ನಿಮಗೆ ಬೇಡ). ಆದರೆ ಆ ದನಿ ಹಿಂದಿಯಲ್ಲಿ. ಅತ್ತೆಗೆ ಹಿಂದಿ ಬರುವುದಿಲ್ಲ. ದಿನಾ ಟಿವಿ ನೋಡಲು ಬರುವ ಬಾಜೂ ಮನೆಯ ಮಾಲತಿ ಕಾಕುಗೆ ಮರಾಠಿಯ ಬಲದ ಮೇಲೆ ಅರ್ಧ ಬರುತ್ತದೆ, ಉಳಿದರ್ಧ ಅವಳೇ ಸೇರಿಸುತ್ತಾಳೆ. ಅತ್ತೆಯ ಮಗ ವಸಂತನಿಗೆ ಪೂರ್ತಿ ಬರುತ್ತದೆ.

ಶಾಂತಕ್ಕನಿಗೆ ಯಾವ ಭಾಷೆಯೂ ಕೇಳಿಸುವುದಿಲ್ಲ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದವು. ಅಷ್ಟರಲ್ಲಿ ಕಲಿತ ಮಾತು ಉಳಿಯಿತು. ದನಿ ತುಸು ಜೋರು, ಏರಿಳಿತ ಕಡಿಮೆ. ಈಗ ನಲವತ್ತು ದಾಟಿದೆ. ಖಾನಾಪುರದ ಅರ್ಧ ಹೆಂಗಸರ ಕುಬಸ ಹೊಲಿಯುವವಳು ಅವಳೇ. “ವಿಜಿ, ನಿನ್ನ ಸೊಂಟ ಎರಡು ಇಂಚು ಬೆಳದೈತಿ” ಎಂದು ಹತ್ತು ಜನರ ಮುಂದೆ ನನಗೆ ಟೇಪು ಹಿಡಿದು ಸಾರುವವಳೂ ಅವಳೇ. ಪಾಪದ ಹೆಂಗಸು ಎಂದುಕೊಂಡು ಯಾರಾದರೂ ಹತ್ತಿರ ಹೋದರೆ ತಿರುಗಿ ಬರುವುದು ಕಷ್ಟ.

ಎಪ್ಪತ್ತರ ದಶಕದಲ್ಲಿ ಆ ಮನೆಗೆ ರೇಡಿಯೋ ಬಂದಾಗ ನಾನು ಕಾಲೇಜು ಹುಡುಗಿ. ರಜೆಗೆ ಹೋದರೆ ಸಂಜೆಗೆ ಎಲ್ಲರೂ ರೇಡಿಯೋ ಸುತ್ತ. ನಾಟಕ ಬಂದರೆ ಹೊಟ್ಟೆ ಹಿಡಿದು ನಗುವುದು. ಶಾಂತಕ್ಕ ಎಲ್ಲರ ಮುಖ ನೋಡಿ ತಾನೂ ನಕ್ಕು, “ಏನಂತ?” ಎಂದು ಕೇಳುತ್ತಿದ್ದಳು. ಯಾರಾದರೊಬ್ಬರು ಕೈ ಎತ್ತಿ, “ಆಮ್ಯಾಲೆ ಹೇಳ್ತೀನಿ” ಅನ್ನುತ್ತಿದ್ದರು. ಆ ಆಮ್ಯಾಲೆ ಎಂದೂ ಬರುತ್ತಿರಲಿಲ್ಲ. ಯಾರೂ ಕೆಟ್ಟವರಲ್ಲ. ನಗೆ ಮುಗಿದ ಮೇಲೆ ನಗೆಯ ಕಾರಣ ಬಿಡಿಸಿ ಹೇಳಲು ಯಾರಿಗೆ ಪುರಸೊತ್ತು? ಅವಳು ಸ್ವಲ್ಪ ಹೊತ್ತು ಕೂತು ಒಳಕೋಣೆಗೆ ಹೋಗಿ ಮಷೀನು ತುಳಿಯುತ್ತಿದ್ದಳು.

ಮೂರು ವರ್ಷದ ಹಿಂದೆ ವಸಂತ ಟಿವಿ ತಂದ. ಮೊದಲ ಸಂಜೆ ಎಲ್ಲರೂ ಅಳ್ಳು ನೋಡುತ್ತ ಪೆಚ್ಚಾಗಿ ಕೂತಿದ್ದಾಗ ಹಿಂದಿನಿಂದ ಶಾಂತಕ್ಕನ ಜೋರು ದನಿ ಬಂತಂತೆ: “ಹೆಂಗಸು. ಅಂಚಿನ ಸೀರಿ. ಕೈಯಾಗ ಕಾಗದ.”

ಎಲ್ಲರೂ ಕಣ್ಣು ಕಿರಿದು ಮಾಡಿ ನೋಡಿದರು. ಹೌದು, ಹೆಂಗಸೇ. ಶಾಂತಕ್ಕನಿಗೆ ಅದೇನು ದೊಡ್ಡದು? ಅರ್ಧ ತಿರುಗಿದ ಮುಖಗಳಲ್ಲಿ, ಚಿಮಣಿ ಬೆಳಕಿನಲ್ಲಿ, ದೂರದ ಅಂಗಳದಲ್ಲಿ ತುಟಿ ಓದಿ ಮೂವತ್ತು ವರ್ಷ ಕಳೆದವಳು. ಅಂದಿನಿಂದ ಅವಳ ಚಾಪೆ ಟಿವಿಯ ಮುಂದೆ, ಎಲ್ಲರಿಗಿಂತ ಮುಂದೆ. ಅತ್ತೆ ಹಿಂದಿನಿಂದ ಅವಳ ಹೆಗಲು ತಟ್ಟಿ, “ಏನ ಕಾಣಸ್ತೈತಿ?” ಎಂದು ಕೇಳುವುದು. ಅವಳು ಹೇಳುವುದು. ಆಮೇಲೆ ಅವಳು ವಸಂತನ ಕಡೆ ತಿರುಗಿ, “ಏನಂತ?” ಎಂದು ಕೇಳುವುದು. ಅವನು ತುಟಿ ಬಿಡಿಸಿ, ಕೈ ಆಡಿಸಿ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಚಿತ್ರ ಸಿಗುವುದಿಲ್ಲ. ಕಣ್ಣು ಅವಳದು, ಕಿವಿ ಇವರದು, ಒಟ್ಟಿನಲ್ಲಿ ಒಂದು ಟಿವಿ ನಡೆಯುತ್ತಿತ್ತು. ಆ ಮನೆಯಲ್ಲಿ ಅವಳನ್ನು ಅಷ್ಟು ಜನ ಅಷ್ಟು ಸಲ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಇದನ್ನೆಲ್ಲ ನೋಡಿ ಖುಷಿಪಟ್ಟು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕೇಳಿಸದವಳಿಗೆ ಟಿವಿ ಎಂದರೆ ಚಿತ್ರವೇ, ಆ ಚಿತ್ರವೇ ಇಲ್ಲದಿದ್ದರೆ ಹೇಗೆ ಎಂದು ನಮ್ಮವರ ಬೆನ್ನು ಹತ್ತಿ, ಸೋತು ಬಂದ ಚಿತ್ರಕ್ಕೆ ಬಲ ಕೊಡುವ ಬೂಸ್ಟರ್ ಕೊಡಿಸಿದೆ. ಆ ರವಿವಾರ ನಾವಿಬ್ಬರೂ ಖಾನಾಪುರಕ್ಕೆ ಹೋಗಿದ್ದೇ ಅದನ್ನು ಕೂಡಿಸಲು.

ಅತ್ತೆ ಅಂಥ ಉತ್ಸಾಹವೇನೂ ತೋರಿಸಲಿಲ್ಲ.

“ನಡದೈತಿ ಬಿಡವಾ,” ಅಂದಳು.

“ಶಾಂತಕ್ಕಗ ಚೊಲೋ ಆಗತೈತಿ ಅತ್ತಿ.”

“ಆಗಲಿ ಹಂಗಾರ. ಅಳಿಯಾರ, ಹಂಚಿನ ಮ್ಯಾಲೆ ಸಾವಕಾಶ.”

ಅಳಿಯಂದಿರು ಮಾಡು ಹತ್ತಿದರು. ಬೂಸ್ಟರನ್ನು ಆಂಟೆನಾದ ಬುಡದಲ್ಲೇ, ಮೇಲೆಯೇ ಕಟ್ಟಬೇಕಂತೆ. ಕೆಳಗೆ ಟಿವಿ ಹತ್ತಿರ ಇಟ್ಟರೆ ಚಿತ್ರದ ಜೊತೆ ಅಳ್ಳೂ ದೊಡ್ಡದಾಗುತ್ತದಂತೆ. ಅದಕ್ಕೆ ಕರೆಂಟು ಕೊಡುವ ಕೆಂಪು ದೀಪದ ಡಬ್ಬಿ ಮಾತ್ರ ಕೆಳಗೆ, ಟಿವಿಯ ಪಕ್ಕ. ಅವರು ಮೇಲಿಂದ “ಬಂತೇನು?” ಎಂದು ಕೇಳುವುದು, ಅಂಗಳದಲ್ಲಿದ್ದ ವಸಂತ ಅದನ್ನು ನನಗೆ ದಾಟಿಸುವುದು, ನಾನು ಬಾಗಿಲಲ್ಲಿ ನಿಂತು ಶಾಂತಕ್ಕನಿಗೆ ಕೈ ಮಾಡುವುದು. ಪ್ರಶ್ನೆಗೆ ಮಾತ್ರ ಇಷ್ಟು ಸರಪಳಿ. ಉತ್ತರ ನೇರವಾಗಿ ಹಂಚಿನ ಸಂದಿಯಿಂದ ಮೇಲೆ ಹೋಗುತ್ತಿತ್ತು. ಶಾಂತಕ್ಕನ ದನಿಗೆ ಬೂಸ್ಟರ್ ಬೇಕಿಲ್ಲ.

ಸಂಜೆಗೆ ಚಿತ್ರ ಬಂತು. ಎಂಥ ಚಿತ್ರ ಅಂತೀರಿ! ಟಿವಿಯ ಗಾಜಿನ ಮೇಲೆ ಇಷ್ಟು ದಿನದ ಧೂಳಿದೆ ಎಂಬುದೂ ಆಗಲೇ ಗೊತ್ತಾಯಿತು. ವಸಂತ ಧೋತರದ ತುದಿಯಿಂದ ಒರೆಸಿದ. ಮಾಲತಿ ಕಾಕು ತನ್ನ ಮಣೆ ತಂದು ಕೂತಳು. ಶಾಂತಕ್ಕ ಚಾಪೆಯ ಮೇಲೆ ಕೂತು ಬಾಯಿ ತೆರೆದು ನೋಡಿದಳು. ನನಗೆ ಬಹಳ ಹೆಮ್ಮೆಯಾಯಿತು.

ಸುದ್ದಿ ಶುರುವಾಯಿತು. ನೋಡಿದರೆ, ಅದೇ ಹುಡುಗಿ. ರಜೆ ಮುಗಿಸಿ ಬಂದಿದ್ದಾಳೆ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ಶಿವನ, ಹಡದು ಹದಿನೈದು ದಿನಾ ಆಗಿಲ್ಲ, ಕೆಲಸಕ್ಕ ಕರಸ್ಯಾರ. ಕಿವಿಗೆ ಅರಿವಿ ಸೈತ ಕಟ್ಟಿಲ್ಲ.”

“ದಿಲ್ಲಿ ಮಂದಿ,” ಅಂದಳು ಕಾಕು. ಅವಳ ಮಟ್ಟಿಗೆ ಅದರಲ್ಲೇ ಎಲ್ಲ ಬಂತು.

ನಮ್ಮವರಿಗೆ ತಡೆಯಲಾಗಲಿಲ್ಲ. “ಅತ್ತಿ, ಆಕಿ ಮೇಜಿನ ಹಿಂದ ಕುಂತಾಳ. ದಿನಾ ಅಲ್ಲೇ ಕುಂದರತಾಳ. ಎದಿ ಕೆಳಗ ಏನೂ ತೋರಸಂಗಿಲ್ಲ. ಬಸರ ನಿಮಗ ಹ್ಯಾಂಗ ಕಾಣಿಸ್ತು?”

ಎಲ್ಲರೂ ಪರದೆ ನೋಡಿದರು. ಹೌದು, ಮೇಜು. ಆ ಅಳ್ಳಿನಲ್ಲಿ ಮೂರು ವರ್ಷದಿಂದ ಯಾರಿಗೂ ಮೇಜೇ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರ ಮುಖ ಶಾಂತಕ್ಕನ ಕಡೆ ತಿರುಗಿತು. ವಸಂತ ಕೈ ಮಾಡಿ ಹೊಟ್ಟೆ ತೋರಿಸಿ, ಮೇಜು ತೋರಿಸಿ, ಹೇಗೆ ಎಂದು ಕೇಳಿದ.

ಶಾಂತಕ್ಕನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

“ದಿನಾ ಕೇಳ್ತೀರಿ, ಇವತ್ತ ಹ್ಯಾಂಗದಾಳ, ಏನ ಮಾಡಾಕ ಹತ್ಯಾಳ ಅಂತ. ಆಕಿ ದಿನಾ ಓದಾಕ ಹತ್ತಿರತಾಳ. ಬರೇ ಓದಾಕ ಹತ್ಯಾಳ ಅಂತ ಎಷ್ಟ ದಿನಾ ಹೇಳ್ಲಿ? ಶ್ರಾವಣದಾಗ ಬಸರ ಮಾಡಿದೆ.”

ಮಾಲತಿ ಕಾಕು ನಕ್ಕು ನಕ್ಕು ಮಣೆಯಿಂದ ಜಾರಿದಳು. ಶಾಂತಕ್ಕ ಕಟ್ಟಿದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ಹಳ್ಳಿಯ ಕಾರ್ಯಕ್ರಮದಲ್ಲಿ ಬರುವ ಮುದುಕನ ಕುಂಟು ಕಾಲು ಸುಳ್ಳು. ಹವಾಮಾನ ಹೇಳುವವನ ತೊಡೆಯ ಮೇಲಿನ ಬೆಕ್ಕು ಸುಳ್ಳು. ಅತ್ತೆ ಆ ಬೆಕ್ಕಿನ ಬಗ್ಗೆ ವರ್ಷವಿಡೀ ತಕರಾರು ಮಾಡಿದ್ದಳಂತೆ. ಅವಳು ಮಗಳ ಬೆನ್ನಿಗೆ ಒಂದು ಗುದ್ದಿ, ಡಬ್ಬಿ ತೆಗೆದು ಎಲ್ಲರಿಗೂ ಉಂಡಿ ಹಂಚಿದಳು. ಬಾಣಂತಿ ಇಲ್ಲದ ಬಾಣಂತನ ಭರ್ಜರಿಯಾಗಿ ನಡೆಯಿತು.

ಅಲ್ಲಿಗೆ ಮುಗಿದಿದ್ದರೆ ಇದು ಬರೀ ನಗೆಯ ಅಂಕಣ.

ಸುದ್ದಿಯ ನಂತರ ಯಾವುದೋ ನದಿಯ ಮೇಲಿನ ಕಾರ್ಯಕ್ರಮ ಬಂತು. ಎಲ್ಲರೂ ಕಣ್ಣು ಕೀಲಿಸಿ ಕೂತರು. ಶಾಂತಕ್ಕ ಎಂದಿನಂತೆ, “ಹೊಳಿ. ದೋಣಿಯಾಗ ಮೂರ ಮಂದಿ” ಅಂದಳು.

“ಕಾಣತೈತಿ ಬಿಡು,” ಅಂದ ವಸಂತ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ.

ಅವಳು ಮತ್ತೆ ಏನೋ ಹೇಳಿದಳು. ಯಾರೂ ತಿರುಗಲಿಲ್ಲ. ತಿರುಗುವ ಅಗತ್ಯವೇನಿತ್ತು? ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನವರು ಏನೋ ಅಂದರು, ಎಲ್ಲರೂ ನಕ್ಕರು. ಶಾಂತಕ್ಕ ತಮ್ಮನ ಕಡೆ ತಿರುಗಿ, “ಏನಂತ?” ಅಂದಳು. ವಸಂತ ಪರದೆಯಿಂದ ಕಣ್ಣು ತೆಗೆಯದೆ ಕೈ ಎತ್ತಿದ.

“ಆಮ್ಯಾಲೆ.”

ಅವಳು ಇನ್ನೊಂದಿಷ್ಟು ಹೊತ್ತು ಕೂತಳು. ಎದ್ದು ಒಳಗೆ ಹೋದಳು. ಒಳಕೋಣೆಯಿಂದ ಮಷೀನಿನ ಸದ್ದು ಬಂತು. ಟಿವಿ ಕೇಳಿಸುತ್ತಿಲ್ಲ ಎಂದು ನಮ್ಮವರು ಎದ್ದು ದನಿ ಜೋರು ಮಾಡಿದರು.

ಯಾರಿಗಾಗಿ ತಂದ ಬೂಸ್ಟರ್ ಇದು? ಅವಳಿಗೆ ಚಿತ್ರ ಕೊಡಲು ಬಂದು ಅವಳ ಜಾಗವನ್ನೇ ಕಿತ್ತುಕೊಂಡಿದ್ದೆ. ಆದರೆ ಎದ್ದು ಏನೆಂದು ಹೇಳುವುದು? ಎಲ್ಲರೂ ಚಿತ್ರ ನೋಡಬೇಡಿ ಅನ್ನುವುದೇ?

ಅತ್ತೆಯ ಕೈ ಅಭ್ಯಾಸದಂತೆ ಮುಂದೆ ಹೋಯಿತು. ತಟ್ಟಲು ಅಲ್ಲಿ ಹೆಗಲಿರಲಿಲ್ಲ. ಅವಳು ಖಾಲಿ ಚಾಪೆ ನೋಡಿದಳು, ಒಳಕೋಣೆಯ ಬಾಗಿಲು ನೋಡಿದಳು.

“ವಸಂತಾ, ಈ ಹೊಸಾ ಡಬ್ಬಿ ಆರಸೂ ಗುಂಡಿ ಯಾವುದು?”

“ಯಾಕವ್ವಾ?”

“ಕೇಳಿದ್ದಷ್ಟ ಹೇಳು.”

ಅವನು ತೋರಿಸಿದ. ಅತ್ತೆ ಒತ್ತಿದಳು. ಬೂಸ್ಟರಿನ ಕೆಂಪು ದೀಪ ಹೋಯಿತು, ನದಿ ಹೋಯಿತು, ಪರದೆಯ ತುಂಬ ಅಳ್ಳು ಸಿಡಿಯಿತು.

“ಅತ್ತಿ, ಬೂಸ್ಟರ್ ಆರಿಸಿದ್ರ ಮೊದಲಿಗಿಂತ ಕಡೆ ಆಗತೈತಿ,” ಅಂದರು ನಮ್ಮವರು. ಫಿಸಿಕ್ಸ್.

“ಆಗಲಿ,” ಅಂದಳು ಅತ್ತೆ.

“ಅಗ ಬಾಯಿ, ಎಷ್ಟ ಚಂದ ಕಾಣಾಕ ಹತ್ತಿತ್ತು,” ಅಂದಳು ಕಾಕು. ಅತ್ತೆ ಅವಳನ್ನೊಮ್ಮೆ ನೋಡಿದಳು. ಇಬ್ಬರದೂ ಹಳೆಯ ನೆರೆ. ಕಾಕುಗೆ ಅಷ್ಟೇ ಸಾಕು.

ನಾನು ಅತ್ತೆಯ ಹಿಂದೆ ಒಳಗೆ ಹೋದೆ. ಕರೆದರೆ ಕೇಳಿಸುವುದಿಲ್ಲವಲ್ಲ, ಅತ್ತೆ ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಶಾಂತಕ್ಕ ತಲೆ ಎತ್ತಿದಳು. ಅತ್ತೆ ತುಟಿ ಬಿಡಿಸಿ ಹೇಳಿದಳು:

“ಏನೂ ಕಾಣವಲ್ದು. ಬಾ.”

ಶಾಂತಕ್ಕ ಹೊರಗೆ ಬಂದು ಪರದೆ ನೋಡಿದಳು. ಆರಿದ ಕೆಂಪು ದೀಪ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮುಖ ಓದುವವಳಿಂದ ಏನು ಮುಚ್ಚಿಡುವುದು? ಎಲ್ಲ ತಿಳಿಯಿತು ಅವಳಿಗೆ. ಚಾಪೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಅಳ್ಳನ್ನೇ ದಿಟ್ಟಿಸಿದಳು. ಅತ್ತೆ ಹಿಂದಿನಿಂದ ಹೆಗಲು ತಟ್ಟಿದಳು.

“ಸುದ್ದಿ ಓದೂ ಹುಡುಗಿ,” ಅಂದಳು ಶಾಂತಕ್ಕ. (ಸುದ್ದಿ ಮುಗಿದು ಎಷ್ಟೋ ಹೊತ್ತಾಗಿತ್ತು.) “ಮಗ್ಗಲದಾಗ ಕೂಸು ಮಲಗಿಸ್ಕೊಂಡಾಳ. ಕೂಸಿಗೆ ನೆಗಡಿ ಆಗೈತಿ.”

ನಮ್ಮವರು ಬಾಯಿ ತೆರೆದರು. ಅವರ ಕಾಲು ತುಳಿದೆ.

“ಗಂಡೋ ಹೆಣ್ಣೋ?” ಕೇಳಿದವನು ವಸಂತ, ಹಿಂದಿ ಪೂರ್ತಿ ಬರುವವನು. ಅಕ್ಕನ ಎದುರಿಗೆ ಬಂದು ಕೂತು, ತುಟಿ ಬಿಡಿಸಿ ಕೇಳಿದ.

“ಹೆಣ್ಣು. ಅವ್ವನಂಗ ಐತಿ.”

“ನೆಗಡಿ ಇದ್ರ ಬಜಿ ಬೇರು ತೇಯ್ದು ನೆಕ್ಕಸಬೇಕು,” ಅಂದಳು ಅತ್ತೆ, ಬಹಳ ಗಂಭೀರವಾಗಿ. “ದಿಲ್ಲಿಯಾಗ ಬಜಿ ಸಿಗತೈತೋ ಇಲ್ಲೋ.”

ಕಾಕು ತನ್ನ ಮಣೆಯನ್ನು ಒಂದು ಗೇಣು ಮುಂದೆ ಎಳೆದುಕೊಂಡಳು. ನಾನು ನೋಡಿದ ಟಿವಿ ಕಾರ್ಯಕ್ರಮಗಳಲ್ಲೆಲ್ಲ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಮೊನ್ನೆ ವಸಂತ ಅಂಗಡಿಯ ಸಾಮಾನಿಗೆಂದು ಬೆಳಗಾವಿಗೆ ಬಂದಿದ್ದ. ಚಹಾ ಕೊಟ್ಟು ಮೆಲ್ಲಗೆ ಕೇಳಿದೆ, ಬೂಸ್ಟರ್ ವಾಪಸು ತರಲೇನು ಎಂದು.

“ಬ್ಯಾಡಕ್ಕಾ. ಶಾಂತಕ್ಕ ಕೊಡಂಗಿಲ್ಲ. ಮಧ್ಯಾಹ್ನ ಕಾಲೇಜ ಹುಡುಗರಿಗೆ ಪಾಠ ಬರತಾವಲ್ಲ, ಬೂಸ್ಟರ್ ಹಚ್ಚಿ ಒಬ್ಬಾಕೀನ ಕುಂತು ನೋಡ್ತಾಳ. ಜ್ವಾಲಾಮುಖಿ, ಇರವಿ, ಹೃದಯದಾಗ ರಕ್ತ ಹರಿಯೂದು. ಆವಾಗ ಯಾರ ಮಾತಾಡಿಸಿದ್ರೂ ‘ಆಮ್ಯಾಲೆ’ ಅಂತಾಳ. ಸಂಜಿಗೆ ಎಲ್ಲಾರೂ ಕೂಡೂ ಹೊತ್ತಿಗೆ ತಾನ ಗುಂಡಿ ಒತ್ತಿ ಆರಸ್ತಾಳ.”

“ನೀವು ಯಾರೂ ಏನೂ ಅನ್ನಂಗಿಲ್ಲ?”

“ಅನ್ನೂದೇನೈತಿ? ನಾಳೆ ಕೂಸಿನ ಹೆಸರಿಡೂದೈತಿ.”

ಅವನು ಹೋದ ಮೇಲೆ ಸಂಜೆ ನಾವಿಬ್ಬರೂ ಎಂದಿನಂತೆ ಟಿವಿ ಮುಂದೆ ಕೂತೆವು. ಚಿತ್ರ ಕನ್ನಡಿಯ ಹಾಗಿತ್ತು. ಅವರು ಆ ಕುರ್ಚಿ, ನಾನು ಈ ಕುರ್ಚಿ. ಅರ್ಧ ತಾಸು ಕಳೆದರೂ ಮಾತಿಲ್ಲ. ನಾನು ಅವರ ಹೆಗಲು ತಟ್ಟಿ, “ಏನ ಕಾಣಸ್ತೈತಿ?” ಎಂದು ಕೇಳಿದೆ.

ಅವರು ಪರದೆಯ ಕಡೆ ಬೆರಳು ಮಾಡಿ, “ಯಾಕ, ನಿನಗ ಕಾಣಂಗಿಲ್ಲೇನು?” ಅಂದರು.

ಇಷ್ಟು ಸ್ವಚ್ಛವಾಗಿ ಕಾಣುವ ಮನೆಯಲ್ಲಿ ಇನ್ನು ಕೇಳುವುದಾದರೂ ಏನನ್ನು?